ಜಾಡಿಯೊಳಗಿನ ದೊಡ್ಡಪ್ಪ

ಚಾಮರಾಜಪೇಟೆಯ ಆ ಹಳೇ ಕಾಲೇಜಿನ ಪ್ರಾಣಿಶಾಸ್ತ್ರ ಮ್ಯೂಸಿಯಮ್ಮಿಗೆ ಅಟೆಂಡರ್ ಮುನಿರಾಮಪ್ಪನೇ ಯಜಮಾನ. ಹೂಕುಂಡ ಎತ್ತಿದರೆ ಅಡಿಯಲ್ಲಿ ಬೂದುಬಣ್ಣದ ಹುಳ ಇರುತ್ತದಲ್ಲ, ಮುಟ್ಟಿದರೆ ಕಡಲೆಕಾಳಿನಷ್ಟು ಉಂಡೆಯಾಗಿಬಿಡುತ್ತದೆ, ಅದರ ವಂಶದ್ದೇ ಒಂದು ಸಮುದ್ರದ ತಳದಲ್ಲಿ ಬೆಕ್ಕಿನಷ್ಟು ಬೆಳೆಯುತ್ತದೆಂದರೆ ಯಾರು ನಂಬುತ್ತಾರೆ? ನಂಬದವರನ್ನು ಅವನು ಕೈಹಿಡಿದು ಗಾಜಿನ ಜಾಡಿಯ ಮುಂದೆ ನಿಲ್ಲಿಸುತ್ತಿದ್ದ. ಹದಿನಾಲ್ಕು ಕಾಲು, ಮೈತುಂಬ ಕವಚ, ಹೆಚ್ಚುಕಡಿಮೆ ಒಂದು ಮೊಳ ಉದ್ದ. ಅದಕ್ಕೆ ಅವನಿಟ್ಟ ಹೆಸರು ದೊಡ್ಡಪ್ಪ. "ವರ್ಷಗಟ್ಟಲೆ ಊಟ ಇಲ್ದೇ ಬದುಕ್ತದೆ. ನಿಮ್ ಕೈಲಾಗತ್ತಾ?" ಎಂದು ಹುಡುಗರನ್ನು ಕೆಣಕುತ್ತಿದ್ದ.

ಆಡಳಿತ ಮಂಡಳಿಗೆ ಆ ಕೋಣೆ ಕಂಪ್ಯೂಟರ್ ಲ್ಯಾಬಿಗೆ ಬೇಕಾಗಿತ್ತು. ವಿಭಾಗದಲ್ಲಿ ಉಳಿದಿದ್ದ ಒಬ್ಬರೇ ಲೆಕ್ಚರರ್ ಪ್ರತಿಭಾ ಮೇಡಂ ಅಧ್ಯಕ್ಷರ ಬೆನ್ನು ಬಿದ್ದು, "ದಸರಾ ರಜ ಮುಗಿದ್ಮೇಲೆ ಒಂದ್ಸಲ ಬಂದು ಈ ಜಾಡೀಲಿರೋ ಹುಳಾನ ನೋಡಿ ಸಾರ್, ಆಮೇಲೆ ತೀರ್ಮಾನ ಮಾಡಿ" ಎಂದು ಒಪ್ಪಿಸಿದ್ದರು. ಮ್ಯೂಸಿಯಂ ಉಳಿಯುವುದು ಬಿಡುವುದು ದೊಡ್ಡಪ್ಪನ ಮೇಲೆ ನಿಂತಿತ್ತು.

ಆಯುಧಪೂಜೆಯ ದಿನ ಮುನಿರಾಮಪ್ಪ ಮೈಕ್ರೋಸ್ಕೋಪುಗಳನ್ನೆಲ್ಲ ಒರೆಸಿ ಕುಂಕುಮ ಇಟ್ಟ. ಬೇರೆ ವರ್ಷ ಜಾಡಿಯ ಮುಚ್ಚಳ ಮುಟ್ಟುತ್ತಿರಲಿಲ್ಲ. ಈ ಸಲ ಅಧ್ಯಕ್ಷರು ಬರುತ್ತಾರಲ್ಲ, ಫಳಫಳ ಮಾಡೋಣವೆಂದು ತೆಗೆದ. ಹುಳ ಕೆಡದಂತೆ ತುಂಬಿಟ್ಟಿದ್ದ ಸ್ಪಿರಿಟ್ಟು ಗಪ್ಪೆಂದು ಮೂಗಿಗೆ ಹೊಡೆಯಿತು, ಥೇಟ್ ಸಾರಾಯಿ ಅಂಗಡಿ. ದೇವರ ಪಟದ ಮುಂದೆ ಇದನ್ನಿಡುವುದು ಹೇಗೆ? ಬಣ್ಣವೂ ಡಿಕಾಕ್ಷನ್ನಿನಂತಾಗಿತ್ತು. ಮೋರಿಗೆ ಚೆಲ್ಲಿ, ಜಾಡಿ ತೊಳೆದು, ಕಾವೇರಿ ನೀರು ತುಂಬಿದ. ಪೂಜೆಯಾದ ಮೇಲೆ ಸ್ಟೋರಿನಿಂದ ಹೊಸ ಸ್ಪಿರಿಟ್ ತಂದು ಹಾಕಿದರಾಯಿತು ಎಂದುಕೊಂಡಿದ್ದ. ಹೋಗಿ ನೋಡಿದರೆ ಸ್ಟೋರಿಗೆ ಬೀಗ. ಗುಮಾಸ್ತ ಈಶ್ವರ್ ಬೀಗದ ಕೈ ಸಮೇತ ಊರಿಗೆ ಹೋಗಿದ್ದ. ಫೋನ್ ಮಾಡಿದರೆ, "ರಜ ಮುಗೀಲಿ ಮುನಿರಾಮಪ್ಪ, ಸತ್ತಿರೋ ಹುಳಕ್ಕೆ ಇನ್ನೇನಾಗತ್ತೆ" ಅಂದ. ಮೇಡಂಗೆ ಹೇಳಲು ಮುನಿರಾಮಪ್ಪನಿಗೆ ಬಾಯಿ ಬರಲಿಲ್ಲ.

ಹತ್ತು ದಿನ ಕಳೆದು, ರಜ ಮುಗಿದು, ಅಧ್ಯಕ್ಷರೆದುರೇ ಕೋಣೆಯ ಬಾಗಿಲು ತೆಗೆದಾಗ ನೀರು ಗಂಜಿಯಾಗಿತ್ತು. ಕಾಲುಗಳು ಕಳಚಿ ತಳ ಸೇರಿದ್ದವು. ಅಧ್ಯಕ್ಷರು ಹೊಸ್ತಿಲಲ್ಲೇ ಮೂಗಿಗೆ ಕರ್ಚೀಫು ಹಿಡಿದು ವಾಪಸ್ಸು ಹೋದರು. ಮೇಡಂ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುನಿರಾಮಪ್ಪ ಜಾಡಿಗೆ ಮುಚ್ಚಳ ಹಾಕಿದ. "ತಪ್ಪು ನಂದು ಅಂತ ಹೇಳ್ಬಿಟ್ಟು ಬರ್ತೀನಿ ಮೇಡಂ, ಕಾಲಿಗ್ ಬೀಳ್ತೀನಿ" ಎಂದು ಮೇಲಿನ ಮಹಡಿಗೆ ಹೋದ. ಅಧ್ಯಕ್ಷರ ಮುಂದೆ ಕೈಮುಗಿದು ಎಲ್ಲವನ್ನೂ ಒಪ್ಪಿಕೊಂಡ.

"ಯಾವ ಹುಳ?" ಅಂದರು ಅವರು. ಆಮೇಲೆ ನೆನಪಾಯಿತು. "ಓ, ಅದಾ? ಬಿಡಪ್ಪ. ಕಂಪ್ಯೂಟರ್‌ಗೆ ಆರ್ಡರ್ ಕೊಟ್ಟು ಎರಡು ತಿಂಗಳಾಯ್ತು. ನಿಮ್ಮ ಮೇಡಂ ಬಿಡ್ತಿರ್ಲಿಲ್ಲ, ಅದಕ್ಕೆ ಬಂದೆ ಅಷ್ಟೆ."

ಮುನಿರಾಮಪ್ಪ ಮೆಟ್ಟಿಲಿಳಿದ. ಮೇಡಂ ಕೆಳಗೆ ಕಾಯುತ್ತಿದ್ದರು.

"ಏನಂದ್ರು?"

"ಚೆನ್ನಾಗ್ ಬೈದ್ರು ಮೇಡಂ. ಅಂಥಾ ಪ್ರಾಣೀನ ಹಾಳ್ಮಾಡ್ಬಿಟ್ಯಲ್ಲೋ ಅಂತ, ತುಂಬಾ ಬೈದ್ರು" ಅಂದ.