ಹಾಡಿಲ್ಲದ ಚೌಡಿಕೆ

ವರ್ಷವಿಡೀ ಶಂಕ್ರಮ್ಮ ದೂರದ ಮಹಾನಗರದ ಉಪ್ಪಲ್‌ನಲ್ಲಿ ಇಟ್ಟಿಗೆ ಹೊರುವವಳು. ಎಲ್ಲಮ್ಮನ ಪಡ್ಡಲಗಿಗೆ, ಆ ಬಿದಿರ ಬುಟ್ಟಿಗೆ, ನೈವೇದ್ಯ ತುಂಬುವ ಒಂದು ದಿನ ಮಾತ್ರ, ಯಾದಗಿರಿಯಿಂದ ದುಡಿಯಲು ಬಂದ ಶೆಡ್ಡಿನವರೆಲ್ಲ ಅವಳ ಕಾಲು ಮುಟ್ಟುತ್ತಿದ್ದರು. ಚೌಡಿಕೆಯನ್ನು ಬಗಲಲ್ಲಿ ಅವುಚಿ, ಅದರ ಒಂಟಿ ತಂತಿ ಮೀಟಿ ಅವಳು ಹಾಡಿದರೆ ಯಾರಾದರೊಬ್ಬರ ಮೈಮೇಲೆ ತಾಯಿ ಬರಲೇಬೇಕು. ಆ ಒಂದು ದಿನದ ಮರ್ಯಾದೆಯಲ್ಲೇ ಅವಳು ಉಳಿದ ದಿನಗಳನ್ನು ನೂಕುತ್ತಿದ್ದಳು.

ಅಕ್ಕನ ಮಗ, ಆರ್ಕೆಸ್ಟ್ರಾ ಕಟ್ಟಿಕೊಂಡಿದ್ದ ಚನ್ನು, ಈ ಬೇಸಿಗೆಯಲ್ಲಿ ಅವಳನ್ನು ಹಿಮಾಯತ್‌ನಗರದ ಸ್ಟುಡಿಯೋಗೆ ಕರೆದೊಯ್ದ. "ಚಿಗವ್ವ, ಹಾಡಬ್ಯಾಡ. ಒಂದೊಂದೇ ಸ್ವರ ಬಾರ್ಸು, ಸಾಕು." ಹಾಡಿಲ್ಲದೆ ಚೌಡಿಕೆ ಮುಟ್ಟಬಾರದೆಂದು ಅವಳು ಎರಡು ಸಲ ಹೇಳಿದಳು. ಯಾರು ಕೇಳುತ್ತಾರೆ? ಎಸಿ ತಣ್ಣಗಿತ್ತು, ಚಹಾಕ್ಕೆ ಏಲಕ್ಕಿ ಹಾಕಿದ್ದರು, ಎಲ್ಲರೂ 'ಅಮ್ಮಾ, ಅಮ್ಮಾ' ಅನ್ನುತ್ತಿದ್ದರು. ಹುಚ್ಚಿ, ಹಿರಿಹಿರಿ ಹಿಗ್ಗಿ, ತಂತಿ ಬಿಗಿದು, ಸಡಿಲಿಸಿ, ತನ್ನಲ್ಲಿದ್ದ ಅಷ್ಟೂ ನಾದವನ್ನು ಕೊಟ್ಟು ಬಂದಳು.

ಪಡ್ಡಲಗಿಯ ದಿನ ಹಸಿರು ಸೀರೆಯುಟ್ಟು ಬಂದರೆ, ತಾಯಿಯ ಮುಂದಿನ ಅವಳ ಜಾಗದಲ್ಲಿ ಚನ್ನುವಿನ ಕೀಬೋರ್ಡು! ಅವನು ಬೆರಳು ಒತ್ತಿದ. ಸ್ಟುಡಿಯೋದಲ್ಲಿ ಹಿಡಿದಿಟ್ಟಿದ್ದ ಅವಳದೇ ಚೌಡಿಕೆ ಸ್ಪೀಕರಿನಲ್ಲಿ ಬೀದಿ ತುಂಬ ಮೊಳಗಿತು.

ಶಂಕ್ರಮ್ಮ ತನ್ನ ತಂತಿ ಮೀಟಿದಳು. ಚನ್ನು ಮುಖ ಕಿವಿಚಿದ. "ಶ್ರುತಿ ಕೂಡವಲ್ದು ಚಿಗವ್ವ. ಬಾಜೂಕ ಇಡು. ಇದರಾಗೂ ನೀನೇ ಅದೀಯಲ್ಲ?"

ಹೋದ ವರ್ಷ ಎಲ್ಲರಿಗಿಂತ ಮೊದಲು ಅವಳ ಕಾಲಿಗೆ ಬಿದ್ದಿದ್ದ ಹಿರಿಯ ಲಿಂಗಣ್ಣನೂ, "ಹಿಂದ ಹೋಗಿ ಕುಂದ್ರವ್ವ" ಅಂದ.

ಹಿಂದೆ ಕೂತು ಅವಳು ಬೇಡಿಕೊಂಡಳು: 'ಬರಬ್ಯಾಡವ್ವ. ಇಷ್ಟು ವರ್ಷ ನಿನ್ನ ಕರದಾಕಿ ನಾನು. ಇದು ಕರದ್ರ ಬರಬ್ಯಾಡ.' ಒಂದು ಹಾಡಾಯಿತು, ಎರಡಾಯಿತು. ಯಾರ ಮೈಮೇಲೂ ತಾಯಿ ಬರಲಿಲ್ಲ. ಜನ ಆಕಳಿಸಿದರು, ಚನ್ನು ಬೆವರಿದ. ಶಂಕ್ರಮ್ಮನ ಹೊಟ್ಟೆ ತಣ್ಣಗಾಯಿತು. ಅಂಥ ಸುಖವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಮೂರನೆಯ ಹಾಡಿಗೆ ಅವಳ ಕಾಲೇ ಅದುರತೊಡಗಿತು. ಮೊಣಕಾಲನ್ನು ಎರಡೂ ಕೈಯಲ್ಲಿ ಅದುಮಿದಳು. ರಕ್ತ ಬರುವಂತೆ ತುಟಿ ಕಚ್ಚಿದಳು. ಆದರೂ ತುರುಬು ಬಿಚ್ಚಿತು, ಮೈ ಎದ್ದು ನಿಂತಿತು, ಕುಣಿಯಿತು.

"ಬಂದ್ಲು! ತಾಯಿ ಬಂದ್ಲು!" ಲಿಂಗಣ್ಣ ಕೀಬೋರ್ಡಿನ ಮೇಲೆ ಭಂಡಾರ ತೂರಿದ. "ಆಕಿ ಒಪ್ಯಾಳ! ಇನ್ನ ಮ್ಯಾಲೆ ವರ್ಷಾ ಇದನ್ನ ಬಾರಿಸ್ರಿ!"

ಚನ್ನು ಸದ್ದು ಏರಿಸಿದ. ನಿಲ್ಲಿಸೋ ಎಂದು ಕೂಗಲು ಶಂಕ್ರಮ್ಮ ಬಾಯಿ ತೆರೆದಳು. ಹೊರಬಿದ್ದದ್ದು ತಾಯಿಯ ಜಯಕಾರ, "ಉಧೋ! ಉಧೋ!"