ಇವರ ಮೂಗು

ನನಗೆ ಮೂಗಿನ ತುದಿಯಲ್ಲೇ ಕೋಪ. ನನ್ನ ಗಂಡನಿಗೆ ಮೂಗೇ ಕಸುಬು. ಇಂಥ ಇಬ್ಬರನ್ನು ಹುಡುಕಿ ಜೋಡಿ ಮಾಡಿದವರು ಯಾರೋ, ಕೈಗೆ ಸಿಕ್ಕರೆ ಎರಡು ಮಾತು ಕೇಳುವುದಿದೆ.

ಇವರು ಹೋಟೆಲಿನಲ್ಲಿ ಗಿರಾಕಿಗಳ ಎದುರೇ ನಿಂತು ಜಪಾನಿನವರ ಹಾಗೆ ಹಸಿ ಮೀನು ಹೆಚ್ಚಿ ಕೊಡುವ ಅಡುಗೆಯವರು. ಹೋಟೆಲು ಅಂದರೆ ದೊಡ್ಡದೇನಲ್ಲ. ಉದ್ದನೆಯ ಒಂದು ಮರದ ಕಟ್ಟೆ, ಆಚೆ ಒಂದು ಸಾಲು ಎತ್ತರದ ಸ್ಟೂಲು, ಈಚೆ ಇವರು, ಇವರ ಬೆನ್ನ ಹಿಂದೆ ಐಸ್ ಪೆಟ್ಟಿಗೆ. ಪಕ್ಕದಲ್ಲಿ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತ, ಅನ್ನ ನೋಡಿಕೊಳ್ಳುತ್ತ ನಾನು. ಕೆಮ್ಮಿದರೂ ಎಲ್ಲರಿಗೂ ಕೇಳುವಷ್ಟು ಜಾಗ.

ಮೀನಿನ ಮೇಲೆ ಒಂದು ಚಿಟಿಕೆ ವಸಾಬಿ ಇಡಬೇಕು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ವಸಾಬಿ ತಿಂದಿದ್ದೇವೆ ಎನ್ನುವವರಲ್ಲಿ ಮುಕ್ಕಾಲು ಪಾಲು ಜನ ತಿಂದಿರುವುದು ಅದನ್ನಲ್ಲ. ಟ್ಯೂಬಿನಿಂದ ಹಿಂಡುವ ಹಸಿರು ಪೇಸ್ಟ್ ಇದೆಯಲ್ಲ, ಅದು ಹಾರ್ಸ್‌ರ್ಯಾಡಿಶ್ ಎಂಬ ಬಿಳಿ ಗೆಡ್ಡೆಯ ಪುಡಿ, ಒಂದಿಷ್ಟು ಸಾಸಿವೆ, ಮೇಲೆ ಬಣ್ಣ. ಬಾಯಿಗಿಟ್ಟ ಕೂಡಲೇ ಮೂಗಿಗೆ ಗುದ್ದುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಅಲ್ಲಿಗೆ ಮುಗಿಯಿತು. ನಿಜವಾದದ್ದು ತಣ್ಣನೆಯ ಹರಿಯುವ ನೀರಿನಲ್ಲಿ ಒಂದೆರಡು ವರ್ಷ ನಿಧಾನವಾಗಿ ಬೆಳೆಯುವ ಗಿಡ. ಅದರ ಗಂಟು ಗಂಟಾದ ಹಸಿರು ಗೆಡ್ಡೆಯನ್ನು ಗಿರಾಕಿ ಬಂದು ಕೂತ ಮೇಲೆಯೇ ತೇಯಬೇಕು. ಮೊದಲೇ ತೇದಿಟ್ಟರೆ ಕಾಲು ಗಂಟೆಯಲ್ಲಿ ಜೀವ ಹಾರಿಹೋಗಿ ಹುಲ್ಲಿನ ಮುದ್ದೆ ಉಳಿಯುತ್ತದೆ. ಅದಕ್ಕೂ ಖಾರ ಇದೆ, ಆದರೆ ಬಾಗಿಲು ಒದ್ದು ಬರುವ ಖಾರ ಅಲ್ಲ. ಮೊದಲು ಹಸಿ ಎಲೆಯನ್ನು ಅಂಗೈಯಲ್ಲಿ ಹೊಸಕಿದ ಘಮ, ಅದರ ಬೆನ್ನಿಗೆ ಖಾರ, ಕೊನೆಗೆ ಸಣ್ಣದೊಂದು ಸಿಹಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರಲ್ಲ, ಹಸಿರಿಗೂ ಅದೇ ಮಾತು.

ಮದುವೆಯಾದ ಹೊಸತರಲ್ಲಿ ನನಗೂ ಎರಡೂ ಒಂದೇ ಆಗಿತ್ತು. ಕಲಿಸಿದವರು ಇವರು. ತೇದದ್ದನ್ನು ಪುಟ್ಟ ಗುಡ್ಡೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಬಾಗಿ ಮೂಸಿ, “ಈಗ” ಎಂದು ಮೀನಿನ ಮೇಲೆ ಇಡುತ್ತಿದ್ದರು. ಆ “ಈಗ” ಬರುವ ಮುಂಚೆ ಯಾರಾದರೂ ಕೈ ಚಾಚಿದರೆ ಕಣ್ಣಿನಲ್ಲೇ ಗದರಿಸುತ್ತಿದ್ದರು. ಮಾಲೀಕನಿಗೆ ಮಾತ್ರ ಟ್ಯೂಬಿನ ಮೇಲೆ ಪ್ರೀತಿ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ, ಯಾರಿಗೂ ತಿಳಿಯುವುದಿಲ್ಲ ಎಂದು ಆಗಾಗ ಒಂದು ಟ್ಯೂಬು ತಂದು ಕಟ್ಟೆಯ ಮೇಲೆ ಇಡುತ್ತಿದ್ದ. ಇವರು ಅದನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿ, ಕತ್ತೆ ಯಾರು ಅಂತ ಗಿರಾಕಿಗಳ ಮುಂದೆ ಹೇಳಬೇಡಿ ಎನ್ನುತ್ತಿದ್ದರು. ಮಾಲೀಕ ನಕ್ಕು ಸುಮ್ಮನಾಗುತ್ತಿದ್ದ. ಇವರು ಆ ಕಟ್ಟೆಯ ಹಿಂದೆ ನಿಂತಿರುವುದು ಆ ಮೂಗಿನ ಬಲದ ಮೇಲೆ ಎಂಬುದು ಮೂವರಿಗೂ ಗೊತ್ತಿತ್ತು.

ಹೋದ ಚಳಿಗಾಲದಲ್ಲಿ ಇವರಿಗೆ ನೆಗಡಿ, ಜ್ವರ. ಜ್ವರ ಬಿಟ್ಟಿತು, ನೆಗಡಿ ಹೋಯಿತು, ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ನನಗೆ ತಿಳಿದದ್ದು ಹಾಲು ಸೀದ ದಿನ. ಸೀದ ವಾಸನೆ ಬಚ್ಚಲಲ್ಲಿದ್ದ ನನಗೆ ಬಡಿದು ಓಡಿ ಬಂದರೆ, ಇವರು ಒಲೆಗೆ ಬೆನ್ನು ಹಾಕಿ ಕೂತು ನೆಮ್ಮದಿಯಾಗಿ ಉಗುರು ಕತ್ತರಿಸಿಕೊಳ್ಳುತ್ತಿದ್ದಾರೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಇವರು ಎದ್ದು ಪಾತ್ರೆಯ ಮೇಲೆ ಮುಖ ಬಗ್ಗಿಸಿದರು, ಇನ್ನೂ ಬಗ್ಗಿಸಿದರು, ಆಮೇಲೆ ನನ್ನ ಕಡೆ ನೋಡಿದರು. ನಾನು ಬೈಯುವುದು ಬಿಟ್ಟು ಒಲೆ ಆರಿಸಿದೆ.

ಮೂಗಿನ ಡಾಕ್ಟರು ಒಳ್ಳೆಯ ಮನುಷ್ಯ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಉರಿ ಒಳಗೆ ಹೋಗುವ ದಾರಿ ಬೇರೆಯಂತೆ, ವಾಸನೆ ಹೋಗುವ ದಾರಿ ಬೇರೆಯಂತೆ. ಇವರ ಉರಿಯ ದಾರಿ ಸರಿಯಾಗಿದೆ, ವಾಸನೆಯ ದಾರಿ ಸುಟ್ಟುಹೋಗಿದೆ. ದಿನಾ ಗೊತ್ತಿರುವ ವಾಸನೆಯನ್ನು ಮೂಸಿ ಅಭ್ಯಾಸ ಮಾಡಿದರೆ ಕೆಲವರಿಗೆ ವಾಪಸ್ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಯಾರಿಗೆ ಬರುತ್ತೆ ಎಂದು ಕೇಳಿದ್ದಕ್ಕೆ ಅವರು ಕನ್ನಡಕ ಒರೆಸಿಕೊಂಡರು.

ಅವತ್ತಿನಿಂದ ನಾನೇ ಇವರ ಮೂಗಾದೆ. ಬೆಳಗ್ಗೆ ಐಸ್ ಪೆಟ್ಟಿಗೆ ತೆಗೆದು ಒಂದೊಂದು ಮೀನನ್ನೂ ಮೂಸುವುದು ನನ್ನ ಕೆಲಸ. ಕಟ್ಟೆಯ ಹಿಂದೆ ಇವರು ಹೆಚ್ಚುವಾಗ ಏನಾದರೂ ಸರಿಯಿಲ್ಲ ಅನಿಸಿದರೆ ತಟ್ಟೆ ಕುಕ್ಕುತ್ತಿದ್ದೆ, ಇವರು ಆ ತುಂಡನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಇವಳಿಗೆ ಸಿಟ್ಟು ಜಾಸ್ತಿ ಅಂತ ಗಿರಾಕಿಗಳು ಅಂದುಕೊಂಡರು. ಅದು ಸುಳ್ಳೂ ಅಲ್ಲವಾದ್ದರಿಂದ ಗುಟ್ಟು ಉಳಿಯಿತು. ವಸಾಬಿ ತೇದಿಟ್ಟ ಮೇಲೆ ಅದರ ಘಮ ಎದ್ದು ನನ್ನವರೆಗೆ ಬಂದ ಕೂಡಲೇ ನಲ್ಲಿ ನಿಲ್ಲಿಸುತ್ತಿದ್ದೆ. ನೀರಿನ ಸದ್ದು ನಿಂತದ್ದೇ ತಡ, ಇವರು ಬಾಗಿ ಮೂಸಿದ ಹಾಗೆ ಮಾಡಿ “ಈಗ” ಎನ್ನುತ್ತಿದ್ದರು. ಮಾಲೀಕ ಎದುರಿಗೇ ಕೂತಿದ್ದರೂ ಪತ್ತೆಯಾಗಲಿಲ್ಲ.

ದಿನಾ ಹೋಟೆಲ್ ತೆರೆಯುವ ಮುಂಚೆ ಅಭ್ಯಾಸ. ಇವರು ಕಣ್ಣು ಮುಚ್ಚಿ ನಿಲ್ಲುವುದು, ನಾನು ಒಂದಿಷ್ಟು ತೇದು ಮೂಗಿನ ಕೆಳಗೆ ಹಿಡಿಯುವುದು. ಏನಾದ್ರೂ ಬಂತಾ ಎಂದರೆ, ಉರಿ ಎನ್ನುವರು. ಮಾರನೆಯ ದಿನವೂ ಉರಿ. ಬೇಸಿಗೆ ಬಂದು ಹೋಯಿತು, ಅದೇ ಉತ್ತರ. ಮನೆಯಲ್ಲಿ ನಾನು ಏನು ಬಡಿಸಿದರೂ ಚೆನ್ನಾಗಿದೆ ಎಂದು ತಿಂದು ಏಳುತ್ತಿದ್ದರು. ಉಪ್ಪು ಹೆಚ್ಚಾದರೆ ಕೊಸರಾಡುತ್ತಿದ್ದ ಮನುಷ್ಯ ಹಾಗೆ ಸುಮ್ಮನೆ ತಿನ್ನುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿದುಹೋಗುತ್ತಿತ್ತು.

ಆಮೇಲೆ ಒಂದು ಬೆಳಗ್ಗೆ ಇವರು ನನ್ನ ಮಣಿಕಟ್ಟು ಹಿಡಿದುಕೊಂಡರು.

“ತಡಿ, ತೆಗೀಬೇಡ,” ಎಂದರು. “ಎಲೆ ಕಣೇ. ಹಸಿ ಎಲೆ. ಬಂತು ಕಣೇ.”

ನಮ್ಮಮ್ಮ ಸತ್ತಾಗ ಅಳದವಳು ನಾನು, ಅಕ್ಕಿ ಮೂಟೆಯ ಮೇಲೆ ಕುಸಿದು ಕೂತು ಹೋ ಎಂದು ಅತ್ತೆ. ಇವರು ಸಮಾಧಾನ ಮಾಡುವುದು ಬಿಟ್ಟು ಇನ್ನೊಮ್ಮೆ ಮೂಸಿ ನಗುತ್ತಿದ್ದರು. ಅವತ್ತಿನಿಂದ ಮನುಷ್ಯ ಬೇರೆಯೇ ಆದರು. ಊಟದಲ್ಲಿ ಕೊಸರಾಟ ಶುರುವಾಯಿತು, ನನಗೆ ಹಬ್ಬವಾಯಿತು. ನಿನ್ನ ಕೈ ನೆನೆದು ನೆನೆದು ಹತ್ತಿಯಾಗಿದೆ, ಇನ್ನು ಮಹಾರಾಣಿ ಹಾಗೆ ಗಲ್ಲಾದ ಮೇಲೆ ಕೂತ್ಕೋ ಎಂದು ಬಾಗಿಲ ಪಕ್ಕ ದುಡ್ಡು ತೆಗೆದುಕೊಳ್ಳುವ ಮೇಜಿಗೆ ನನ್ನನ್ನು ಕಳಿಸಿದರು. ಮೀನು ಮೂಸುವುದೂ ಬೇಡವಂತೆ, ಎಲ್ಲ ತಾವೇ ನೋಡಿಕೊಳ್ಳುತ್ತಾರಂತೆ. ಬಹಳ ಕಾಲದ ಮೇಲೆ ನಾನು ನೆಟ್ಟಗೆ ನಿದ್ದೆ ಮಾಡಿದೆ.

ಆ ವಾರವೇ ಒಂದು ಮಧ್ಯಾಹ್ನ ದರ್ಜಿ ಅಜ್ಜ ಬಂದರು. ಹಳೇ ಗಿರಾಕಿ, ಹೊಟ್ಟೆಯ ಆಪರೇಷನ್ ಆಗಿ ಹಿಡಿಯಷ್ಟಾಗಿದ್ದರು. ಬಾಗಿಲ ಹತ್ತಿರದ ಮೂಲೆಯ ಸ್ಟೂಲೇ ಅವರಿಗೆ ಆಗಬೇಕು. ಇವರು ಬಂಗುಡೆ ಹೆಚ್ಚಿ ತಟ್ಟೆಯನ್ನು ನನ್ನ ಮುಂದಿಂದ ಅವರ ಕಡೆ ಚಾಚಿದರು. ವಾಸನೆ ನನ್ನ ಮೂಗಿಗೆ ಬಡಿಯಿತು. ಮೀನು ಕೆಟ್ಟಿತ್ತು. ಯೋಚನೆ ಮಾಡಲು ಹೊತ್ತಿರಲಿಲ್ಲ, ಎದ್ದವಳ ಹಾಗೆ ಮಾಡಿ ಮೊಣಕೈಯಿಂದ ತಟ್ಟೆ ಕೆಡವಿದೆ. ಕಣ್ಣು ಎಲ್ಲಿಟ್ಟುಕೊಂಡಿದ್ದೀಯ ಎಂದು ಇವರು ಎಲ್ಲರೆದುರು ರೇಗಿದರು. ನಾನು, ಒಂದಕ್ಕೆ ನಾಲ್ಕು ಕೊಡುವವಳು, ಬಗ್ಗಿ ಚೂರು ಆಯ್ದೆ. ನೆಲದಿಂದ ಆ ವಾಸನೆ ಏಳುತ್ತಲೇ ಇತ್ತು. ಇದೇ ಮೀನಿನ ಮೇಲೆ ಮುಖವಿಟ್ಟು ಇವರು ಅಷ್ಟು ಹೊತ್ತು ಹೆಚ್ಚಿದ್ದರು.

ಸಂಜೆಯವರೆಗೂ ನನ್ನ ಮೂಗಿಗೆ ನಾನೇ ತುಪ್ಪ ಸವರಿಕೊಂಡೆ. ವಾಸನೆ ಒಂದೊಂದಾಗಿ ಬರುತ್ತದೇನೋ, ಮೊದಲು ಎಲೆಯದು, ಆಮೇಲೆ ಮೀನಿನದು. ಹಾಗೆ ಇರಬಾರದೇ? ಆದರೆ ಅಜ್ಜನ ಸಣ್ಣ ಕೈ ತಟ್ಟೆಗೆ ಚಾಚಿದ್ದು ಕಣ್ಣ ಮುಂದಿನಿಂದ ಹೋಗಲಿಲ್ಲ. ಮಾರ್ಕೆಟ್ಟಿಗೆ ಹೋಗಿ, ಟ್ಯೂಬಿನ ಪೇಸ್ಟಿಗೆ ಹಾಕುವ ಆ ಬಿಳಿ ಗೆಡ್ಡೆ ಒಂದನ್ನು ಕೊಂಡು ತಂದೆ.

ಬೆಳಗ್ಗೆ ಅದನ್ನೇ ಅದೇ ತುರಿಮಣೆಯ ಮೇಲೆ ತೇದು ಒಂದು ತೊಟ್ಟು ಹಸಿರು ಬಣ್ಣ ಕಲಸಿದೆ. ಇವರು ಕಣ್ಣು ಮುಚ್ಚಿ ಮೂಗು ಮುಂದೆ ಚಾಚಿ ನಿಂತರು. ಬೈಯಲಿ, ದೇವರೇ, ಇದೇನು ಕಸ ತಂದಿದ್ದೀಯ ಎಂದು ಬಾಯಿ ತುಂಬ ಬೈಯಲಿ ಎಂದು ಬೇಡಿಕೊಂಡೆ. ಜೀವಮಾನದಲ್ಲಿ ಬೈಗುಳ ಬೇಡಿಕೊಂಡದ್ದು ಅದೊಂದೇ ಸಲ.

ಇವರು ಮೂಸಿದರು. ಮುಖ ಮೆತ್ತಗಾಯಿತು. ಇವತ್ತಿನದು ಒಳ್ಳೆ ಗೆಡ್ಡೆ ಎಂದರು. ಎಲೆ ಬಂತಂತೆ, ಅದರ ಹಿಂದೆ ಆ ಸಿಹಿಯೂ ಬಂತಂತೆ, ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಿದೆಯಂತೆ. ಇವರು ಸುಳ್ಳು ಹೇಳುವಾಗ ಕಿವಿ ಕೆರೆದುಕೊಳ್ಳುತ್ತಾರೆ, ಆ ಮುಖ ನನಗೆ ಗೊತ್ತು. ಇದು ಆ ಮುಖ ಅಲ್ಲ. ಉರಿ ಬಾಗಿಲು ತಟ್ಟಿದ ಕೂಡಲೇ ಒಳಗಿದ್ದ ಹಳೇ ನೆನಪು ಎದ್ದು ಬಂದು ಬಾಗಿಲು ತೆಗೆಯುತ್ತಿತ್ತು, ಅಷ್ಟೇ. ಪಾಪ, ಇವರು ಅದನ್ನೇ ವಾಸನೆ ಅಂದುಕೊಂಡಿದ್ದರು. ನುಂಗಿಕೊಂಡು ಸುಮ್ಮನಿದ್ದುಬಿಡೋಣ ಎಂದು ನನಗೆ ಎಷ್ಟು ಆಸೆಯಾಯಿತೋ. ಅಷ್ಟರಲ್ಲಿ ಇವರು ಏಪ್ರನ್ ಕಟ್ಟಿಕೊಳ್ಳುತ್ತ, ಇವತ್ತು ದರ್ಜಿ ಅಜ್ಜನಿಗೆ ಬಂಗುಡೆ ಕೊಡಬೇಕು, ನಿನ್ನೆ ಪಾಪ ಹಾಗೇ ಹೋದರು ಎಂದು ಐಸ್ ಪೆಟ್ಟಿಗೆಗೆ ಕೈ ಹಾಕಿದರು.

“ರೀ, ಅದು ಬಿಳಿ ಗೆಡ್ಡೆ,” ಎಂದೆ. “ನಾನೇ ತೇದು ಬಣ್ಣ ಹಾಕಿದ್ದು.”

ಇವರು ತಟ್ಟೆ ನೋಡಿದರು, ಬಣ್ಣ ಹತ್ತಿದ್ದ ನನ್ನ ಬೆರಳು ನೋಡಿದರು. ನಿನ್ನೆ ತಟ್ಟೆ ಬಿದ್ದದ್ದೂ ಬೇಕೆಂದೇನಾ ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಇವರು ಕಟ್ಟೆ ಸುತ್ತಿಕೊಂಡು ಹೋಗಿ, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೂರದಿದ್ದ ಗಿರಾಕಿಗಳ ಸ್ಟೂಲಿನ ಮೇಲೆ ಕೂತರು.

“ನಾನು ಸುಳ್ಳು ಹೇಳಿಲ್ಲ ಕಣೇ.”

“ಗೊತ್ತು ರೀ.”

“ಹಾಗಾದ್ರೆ ನಂಗೆ ಬರ್ತಿದ್ದದ್ದು ಏನು?”

ನಾನು ಆ ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದೆ.

ಮಧ್ಯಾಹ್ನ ಮಾಲೀಕ ಬಂದಾಗ ಇವರೇ ಎಲ್ಲ ಹೇಳಿಬಿಟ್ಟರು. ಅವನು ಕೆಟ್ಟವನಲ್ಲ, ಬೆನ್ನು ಸವರಿದ. ಹೊಸಬ ಸಿಗುವವರೆಗೆ ನೀವೇ ನಿಂತಿರಿ, ಆಮೇಲೆ ಒಳಗೆ ಮೀನು ಕೊಯ್ಯುವ ಕೆಲಸ ಇದ್ದೇ ಇದೆ ಎಂದ. ಇವರು ಸರಿ ಎಂದರು. ವಾದ ಮಾಡುತ್ತಾರೆ ಎಂದು ಕಾದೆ. ಮಾಡಲಿಲ್ಲ. ನಾನು ಮತ್ತೆ ನಲ್ಲಿಯ ಹತ್ತಿರ ಬಂದು ನಿಂತೆ.

ಮರುದಿನ ಬೆಳಗ್ಗೆ ಅಭ್ಯಾಸ ಬೇಡ ಎಂದರು. ನಾನು ಹಟ ಹಿಡಿದೆ. ನಿಜವಾದ ಗೆಡ್ಡೆಯನ್ನೇ ಇವರಿಗೆ ತೋರಿಸಿ, ಇವರ ಕಣ್ಣ ಮುಂದೆಯೇ ತೇದು ಹಿಡಿದೆ. ಒಮ್ಮೆ ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. ಸ್ವಲ್ಪ ತಡೀರಿ, ಬರುತ್ತೆ ಎಂದೆ. ತಡೆದರು. ಉರಿಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರು.

“ನಿನ್ನೆ ಆ ಸುಳ್ಳು ಗೆಡ್ಡೇಲೂ ಬಂದಿತ್ತು,” ಎಂದರು. “ಇವತ್ತು ಇದರಲ್ಲೂ ಇಲ್ಲ.”

ನಿನ್ನಿಂದಾಗಿ ಹೋಯಿತು ಎಂದು ಜಗಳ ತೆಗೆದಿದ್ದರೆ ತಿರುಗಿ ಜಗಳವಾಡಿ ಹಗುರಾಗುತ್ತಿದ್ದೆ. ಇವರ ದನಿಯಲ್ಲಿ ಜಗಳ ಇರಲಿಲ್ಲ. ತಟ್ಟೆಯನ್ನು ನನ್ನ ಮೂಗಿನ ಹತ್ತಿರ ತಂದುಕೊಂಡೆ. ಎಲೆ, ಖಾರ, ಸಿಹಿ, ಒಂದೂ ಕಮ್ಮಿಯಿಲ್ಲ. ಅಷ್ಟು ಒಳ್ಳೆಯ ಗೆಡ್ಡೆ ಆ ವರ್ಷವೆಲ್ಲ ಬಂದಿರಲಿಲ್ಲ. ಹೇಗಿದೆ ಎಂದು ಇವರು ಕೇಳಿದರು.

“ಗೆಡ್ಡೆಯೇ ಸರಿಯಿಲ್ಲ ರೀ,” ಎಂದೆ. “ನಂಗೂ ಏನೂ ಬರ್ತಿಲ್ಲ.”

ಇವರು ನನ್ನ ಮುಖ ನೋಡಿದರು. ಹೌದಾ ಎಂದರು. ಆಮೇಲೆ ನನ್ನ ಕೈಯಿಂದ ಆ ಗೆಡ್ಡೆ ತೆಗೆದುಕೊಂಡು, ಒದ್ದೆ ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿ, ಗಿರಾಕಿಗಳಿಗೆಂದು ಪೆಟ್ಟಿಗೆಯಲ್ಲಿ ಇಟ್ಟರು.