ಪೇಪರಿನಲ್ಲಿ ಬಂದ ಡೀಸಾ

ನಮ್ಮ ರೂನೆ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನಾನು ಅವನನ್ನು ಬಾಯಿಗೆ ಬಂದಂತೆ ಬೈಯುವವಳಿದ್ದೇನೆ. ಉತ್ತರದ ಊರು ಹರ್ನೊಸಾಂಡಿನ ನಮ್ಮ ಕಿಟಕಿ ಕಾರ್ಖಾನೆಯಲ್ಲಿ ಅವನು ಉಗ್ರಾಣ ನೋಡಿಕೊಳ್ಳುತ್ತಾನೆ. ಯಾರಿಗೆ ಹುಷಾರಿಲ್ಲ, ಯಾರ ಮಗಳು ಬಸುರಿ, ಎಲ್ಲವೂ ಅವನಿಗೆ ಬೇಕು. ಹುಟ್ಟುಹಬ್ಬಕ್ಕೆ ಹೂವು ತರುವವನೂ ಅವನೇ, ಹಾಡು ಎತ್ತಿಕೊಡುವವನೂ ಅವನೇ. ಹಾಡು ಮಾತ್ರ ಕೇಳುವ ಹಾಗಿರುವುದಿಲ್ಲ.

ನಾನು ಬಾರ್ಬ್ರೊ. ಆರ್ಡರ್ ವಿಭಾಗದಲ್ಲಿ ಫೋನ್ ಎತ್ತುವುದು ನನ್ನ ಕೆಲಸ. ನನ್ನ ಎದುರಿನ ಮೇಜು ಡೀಸಾಳದು. ನಾಲ್ಕು ವರ್ಷ ಎದುರುಬದುರು ಕೂತು ಕಾಫಿ ಕುಡಿದರೂ ಅವಳು ಯಾವ ಊರಿನವಳೆಂದು ನನಗೆ ಗೊತ್ತಿರಲಿಲ್ಲ. "ದಕ್ಷಿಣದ ಕಡೆ" ಅನ್ನುತ್ತಿದ್ದಳು, ಅಷ್ಟೇ. ಹೇಳದಿದ್ದವರನ್ನು ಕೆದಕಿ ಕೇಳುವುದು ನಮ್ಮಲ್ಲಿ ಒಳ್ಳೆಯ ನಡತೆಯಲ್ಲ. ಈಗ ಅನ್ನಿಸುತ್ತದೆ, ಹಾಳಾದ ಈ ಒಳ್ಳೆಯ ನಡತೆಗೆ ಬೆಂಕಿ ಹಾಕ.

ಅವಳು ಫೋಟೋಗೆ ನಿಲ್ಲುತ್ತಿರಲಿಲ್ಲ. "ಕೊಡಿ, ನಾನೇ ತೆಗೀತೀನಿ" ಎಂದು ಎಲ್ಲರ ಫೋನ್ ಇಸಿದುಕೊಳ್ಳುತ್ತಿದ್ದಳು. ಮನೆಯ ಬಾಗಿಲ ಮೇಲೆ ಅವಳ ಹೆಸರಿರಲಿಲ್ಲ, ಹಿಂದಿನ ಬಾಡಿಗೆದಾರನ ಹೆಸರೇ ಇತ್ತು. ಸೋಮಾರಿತನ ಎಂದುಕೊಂಡಿದ್ದೆ. ಈ ಬೇಸಿಗೆಯಲ್ಲಿ ಒಂದು ದಿನ ತಾನಾಗಿಯೇ ಹೇಳಿದಳು, "ಬಾಗಿಲಿಗೊಂದು ಹೆಸರಿನ ಹಲಗೆ ಮಾಡಿಸ್ಬೇಕು ಕಣೇ. ಇನ್ನು ಇಲ್ಲೇ ಇರೋಣ ಅನ್ನಿಸ್ತಿದೆ." ಆ ಸಂಜೆ ಮೊದಲ ಸಲ ನಮ್ಮ ಹಾಡುವ ತಂಡಕ್ಕೂ ಬಂದಳು. ಹಾಡುವಾಗ ಬಾಗಿಲ ಕಡೆಯೇ ನೋಡುತ್ತಿದ್ದವಳು ಕೊನೆಕೊನೆಗೆ ನೋಡುವುದನ್ನು ಬಿಟ್ಟಳು.

ಇತ್ತ ಆಫೀಸಿನಲ್ಲಿ ಮಾಹಿತಿ ಸೋರಿಕೆಯ ಜ್ವರ ಹತ್ತಿತ್ತು. ಸಿಬ್ಬಂದಿ ವಿಭಾಗದ ಗುನ್ವೊರ್ ತಿಂಗಳಿಗೊಂದು ತರಬೇತಿ ಇಡುತ್ತಿದ್ದಳು. ಗೊತ್ತಿಲ್ಲದ ಮೇಲ್ ತೆರೆಯಬೇಡಿ, ಫೋನಿನಲ್ಲಿ ಯಾರ ವಿಷಯವನ್ನೂ ಹೇಳಬೇಡಿ, ಕಾಗದ ಹರಿಯದೆ ಬಿಸಾಡಬೇಡಿ. ಜೊತೆಗೆ ಕೇಕಿನ ಶಿಕ್ಷೆ. ಕಂಪ್ಯೂಟರಿಗೆ ಬೀಗ ಹಾಕದೆ ಎದ್ದು ಹೋದವರ ಕುರ್ಚಿಯಲ್ಲಿ ಮೊದಲು ನೋಡಿದವರು ಕೂತು, ಅವರ ಹೆಸರಿನಿಂದಲೇ ಎಲ್ಲರಿಗೂ ಒಂದು ಮೇಲ್ ಕಳಿಸಬೇಕು: "ನಾಳೆ ಕೇಕ್ ನನ್ನದು." ಸಿಕ್ಕಿಬಿದ್ದವರು ತರಲೇಬೇಕು. ಅರ್ಧ ಆಫೀಸು ಸಿಕ್ಕಿಬಿದ್ದಿತ್ತು. ಗುನ್ವೊರ್ ಮಾತ್ರ ಒಮ್ಮೆಯೂ ಸಿಕ್ಕಿರಲಿಲ್ಲ. ರೂನೆ ಅವಳಿಗಾಗಿ ಹೊಂಚು ಹಾಕುತ್ತಲೇ ಇದ್ದ.

ಶರತ್ಕಾಲದ ಒಂದು ಬೆಳಿಗ್ಗೆ, ನಮ್ಮ ಸಂಬಳದ ಲೆಕ್ಕ ನೋಡುವ ಹೊರಗಿನ ಸಂಸ್ಥೆಯ ಕಂಪ್ಯೂಟರಿಗೆ ಕಳ್ಳರು ನುಗ್ಗಿದ್ದಾರೆ ಎಂಬ ಸುದ್ದಿ ಬಂತು. ಗುನ್ವೊರ್ ಮೊದಲು ನೆನೆದದ್ದು ಡೀಸಾಳನ್ನು. ಡೀಸಾಳ ಕಡತವನ್ನು ಅವಳು ಬೇರೆಯೇ ಬಚ್ಚಿಟ್ಟಿದ್ದಳು, ಆ ಸಂಸ್ಥೆಗೆ ಕೊಟ್ಟಿರಲಿಲ್ಲ. ಆದರೂ ಒಮ್ಮೆ ಖಾತ್ರಿ ಮಾಡಿಕೊಳ್ಳೋಣವೆಂದು ಅದನ್ನು ತೆರೆದಳು. ಅಷ್ಟರಲ್ಲಿ ಮ್ಯಾನೇಜರು ಸಭೆಗೆ ಕೂಗಿದ. ಗುನ್ವೊರ್ ಎದ್ದವಳೇ ಓಡಿದಳು. ಸೋರಿಕೆ ತಡೆಯುವ ಸಭೆಗೆ ಓಡುವ ಗಡಿಬಿಡಿಯಲ್ಲಿ ಬೀಗ ಹಾಕುವುದನ್ನು ಮರೆತಳು.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ನಾನು ಕಂಡದ್ದು ಕಾಫಿ ಯಂತ್ರದ ಹತ್ತಿರ ಕುಣಿಯುತ್ತಾ ಬಂದ ರೂನೆಯನ್ನು.

"ಸಿಕ್ಕಿಬಿದ್ಲು ಕಣೇ! ಗುನ್ವೊರ್ ಸಿಕ್ಕಿಬಿದ್ಲು! ಮೇಲ್ ಕಳಿಸಿಬಿಟ್ಟೆ!"

"ಪಾಪ, ಅವಳು ಅಲ್ಲಿ ಸಭೇಲಿ ಸಾಯ್ತಿದ್ದಾಳೆ. ನಿನಗೆ ಕೇಕಿನ ಚಿಂತೆ."

ಅವನು ದನಿ ತಗ್ಗಿಸಿದ. "ಇನ್ನೊಂದು ವಿಷಯ. ಡೀಸಾಗೆ ಬರೋ ತಿಂಗಳು ಐವತ್ತು ತುಂಬುತ್ತೆ. ಅಲ್ಲೇ ಪರದೆ ಮೇಲಿತ್ತು. ಒಂದು ಮಾತು ಹೇಳಿದ್ದಾಳಾ ನೋಡು ನಮಗೆ!"

"ಹೇಳೋದು ಬಿಡೋದು ಅವಳಿಷ್ಟ. ಬೇರೆಯವರ ಕಡತದಲ್ಲಿ ನೀನ್ಯಾಕೆ ಮೂಗು ತೂರಿಸ್ದೆ?"

"ಓದ್ಲಿಲ್ಲ ಕಣೇ, ಕಣ್ಣಿಗೆ ಬಿತ್ತು. ಎಲ್ಲರ ಹುಟ್ಟುಹಬ್ಬಕ್ಕೂ ಬನ್ ಮಾಡಿ ತರ್ತಾಳೆ, ಅವಳಿಗೆ ಅಂತ ಯಾರೂ ಇಲ್ಲ. ನಿನ್ನ ಎದೇಲಿ ಇರೋದು ಹೃದಯಾನೋ ಫ್ರೀಜರ್ರೋ?"

"ನಿನ್ನ ಬಾಯಿ ಕೆಟ್ಟುಹೋದ ನಲ್ಲಿ. ತಿರುಗಿಸಿದರೂ ನಿಲ್ಲಲ್ಲ."

ನಕ್ಕೆವು. ಒಂದು ಕೇಕ್ ತಾನೇ, ತಿಂದರಾಯಿತು ಎಂದುಕೊಂಡೆ. ಪೇಪರಿಗೆ ಅವಳ ಫೋಟೋ ಕಳಿಸುವ ವಿಷಯ ಅವನು ಬಾಯಿ ಬಿಡಲಿಲ್ಲ. ಜೀವಮಾನದಲ್ಲಿ ಅವನು ಹೊಟ್ಟೆಯಲ್ಲಿಟ್ಟುಕೊಂಡ ಗುಟ್ಟು ಅದೊಂದೇ ಇರಬೇಕು, ಅದೂ ಬಿಚ್ಚಿಡಬೇಕಾಗಿದ್ದ ಗುಟ್ಟು.

ಐವತ್ತು ತುಂಬಿದವರ ಫೋಟೋ ಊರ ಪೇಪರಿನಲ್ಲಿ ಬರಬೇಕು, ಅದು ನಮ್ಮಲ್ಲಿ ಮರ್ಯಾದೆ. ಬಾರದಿದ್ದರೆ, ಅಯ್ಯೋ, ಇವರಿಗೆ ಯಾರೂ ದಿಕ್ಕಿಲ್ಲವಲ್ಲ ಎಂದು ಜನ ಮರುಗುತ್ತಾರೆ. ಡೀಸಾಳನ್ನು ನೋಡಿ ಜನ ಮರುಗಬಾರದೆಂದು ರೂನೆ ಪಣ ತೊಟ್ಟ. ಆಗಸ್ಟಿನಲ್ಲಿ ಏಡಿ ತಿನ್ನುವ ಪಾರ್ಟಿಯಲ್ಲಿ, ತಲೆಗೆ ಕಾಗದದ ಟೋಪಿ ಇಟ್ಟುಕೊಂಡು ಅವಳು ಮೈಮರೆತು ನಗುತ್ತಿದ್ದಾಗ ಒಂದು ಫೋಟೋ ತೆಗೆದಿದ್ದ. ಅದನ್ನೇ ಕಳಿಸಿದ.

ಹುಟ್ಟುಹಬ್ಬದ ಬೆಳಿಗ್ಗೆ ಕಾಫಿ ಹೊತ್ತಿಗೆ ಎಲ್ಲರೂ ಎದ್ದು ನಿಂತು ಹಾಡಿದೆವು. ಮೇಜಿನ ಮೇಲೆ ಪುಟ್ಟ ಬಾವುಟ, ಹಸಿರು ಹೊದಿಕೆಯ ಕೆನೆ ಕೇಕ್. ಡೀಸಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು. "ಯಾರು ಹೇಳಿದ್ದು ನಿಮಗೆ? ಥೂ, ಯಾವ ಕಳ್ಳ ಹೇಳಿದ್ದು?"

"ಈ ಕಳ್ಳನೇ!" ಎಂದು ರೂನೆ ಬೆನ್ನ ಹಿಂದಿನಿಂದ ಪೇಪರ್ ತೆಗೆದು ಅವಳ ಮುಂದೆ ಹರಡಿದ.

ಅಂಗೈಯಷ್ಟು ದೊಡ್ಡ ಫೋಟೋ. ಕೆಳಗೆ: "ನಮ್ಮ ಡೀಸಾಗೆ ಐವತ್ತು! ಕಿಟಕಿ ಕಾರ್ಖಾನೆಯ ಗೆಳೆಯರಿಂದ."

ಅವಳ ನಗು ಹಾಗೇ ಇತ್ತು, ಮುಖ ಮಾತ್ರ ಸುಣ್ಣದಂತಾಯಿತು. "ಇದು... ಊರವರು ಮಾತ್ರ ಓದೋ ಪೇಪರ್ ಅಲ್ವಾ ರೂನೆ?"

"ಎಲ್ಲೀ! ಇಂಟರ್ನೆಟ್ಟಲ್ಲೂ ಬಂದಿದೆ. ಕಾರ್ಖಾನೆ ಪುಟಕ್ಕೂ ನಾನೇ ಹಾಕಿದೀನಿ. ಇಡೀ ದೇಶ ನೋಡ್ಲಿ!"

ಬಾಗಿಲಲ್ಲಿ ನಿಂತಿದ್ದ ಗುನ್ವೊರಳ ಕೈಯಿಂದ ಕಾಫಿ ಲೋಟ ಜಾರಿ ಒಡೆಯಿತು. "ಅದಕ್ಕೂ ಒಂದು ಕೇಕ್!" ಎಂದು ಯಾರೋ ಕೂಗಿದರು. ನಾನೂ ನಕ್ಕೆ.

ಡೀಸಾ ಕೂತು ತನ್ನ ತುಂಡು ಕೇಕನ್ನು ಪೂರ್ತಿ ತಿಂದಳು. ತಟ್ಟೆ ತೊಳೆದಿಟ್ಟಳು. ಬಂದು ರೂನೆಯನ್ನು ತಬ್ಬಿಕೊಂಡಳು. "ನನಗಾಗಿ ಇಷ್ಟು ಯಾರೂ ಮಾಡಿರ್ಲಿಲ್ಲ" ಅಂದಳು. ಅವನು ಮಗುವಿನಂತೆ ಕೆಂಪೇರಿದ. ಆಮೇಲೆ ಅವಳು ಗುನ್ವೊರಳ ಕೋಣೆಗೆ ಹೋದಳು, ಬಾಗಿಲು ಹಾಕಿಕೊಂಡರು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಅವಳ ಕೋಟು ಗೂಟದಲ್ಲಿರಲಿಲ್ಲ. ಮತ್ತೆ ನಾವು ಅವಳನ್ನು ನೋಡಲಿಲ್ಲ.

ಮಾರನೇ ವಾರ ಗುನ್ವೊರ್ ನಮ್ಮನ್ನು ಕೂರಿಸಿಕೊಂಡಳು. ಅವಳ ಕಣ್ಣು ಊದಿತ್ತು.

"ಡೀಸಾಳ ಗಂಡ ಅವಳನ್ನ ಕೊಲ್ತೀನಿ ಅಂತ ಹೇಳಿದ್ದ. ಒಂದ್ಸಲ ಅರ್ಧ ಕೊಂದೂ ಬಿಟ್ಟಿದ್ದ. ಜೈಲಿಂದ ಬಂದ ಮೇಲೂ ಹುಡುಕೋದು ಬಿಟ್ಟಿಲ್ಲ. ಅವಳ ವಿಳಾಸ ಸರ್ಕಾರಾನೇ ಮುಚ್ಚಿಟ್ಟಿತ್ತು. ಹೆಸರು ಬದಲಿಸಿಕೊಂಡಿದ್ಲು. ಮುಖ ಬದಲಿಸೋಕ್ಕಾಗುತ್ತಾ? ಹೋದ್ಲು. ಎಲ್ಲಿಗೆ ಅಂತ ನನಗೂ ಗೊತ್ತಿಲ್ಲ, ಗೊತ್ತಿರ್ಲೂಬಾರದು."

ನನಗೆ ಮೈಯೆಲ್ಲ ಉರಿಯಿತು. "ನಮಗೆ ಮೊದಲೇ ಹೇಳೋಕೆ ನಿನಗೇನು ಧಾಡಿ? ಹೇಳಿದ್ರೆ ನಾವೇ ಅಡ್ಡ ನಿಲ್ತಿದ್ವಲ್ಲ!"

"ಯಾರಿಗೆ ಹೇಳ್ಲಿ ಬಾರ್ಬ್ರೊ? ಒಬ್ಬರಿಗೆ ಹೇಳಿದ್ರೂ ಅದೇ ಸೋರಿಕೆ. ಅವಳು ಯಾರಿಗೂ ಬೇಡ ಅಂತ ಮಾತು ತಗೊಂಡಿದ್ಲು. ಹೊರಗಿನ ಕಳ್ಳರಿಗೆ ಅವಳ ಒಂದಕ್ಷರ ಸಿಗಲಿಲ್ಲ ಗೊತ್ತಾ? ಒಂದಕ್ಷರ! ನಾನು ಬೀಗ ಹಾಕಿದ್ದಿದ್ರೆ..." ಬೈಯಲು ಹೋದವಳು ನಾನು ಅವಳ ಬೆನ್ನು ಸವರುತ್ತಾ ಕೂತೆ.

ರೂನೆ ಮೂಲೆಯಲ್ಲಿ ತನ್ನ ಬೂಟು ನೋಡುತ್ತಿದ್ದ. "ಕಡತದ ಮೇಲೆ ಗೌಪ್ಯ ಅಂತ ಕೆಂಪಕ್ಷರ ಇತ್ತು" ಅಂದ. "ನೋಡ್ದೆ. ಆದ್ರೆ ಈಗೀಗ ಊಟದ ಪಟ್ಟಿಗೂ ಕೆಂಪಕ್ಷರ ಹಾಕ್ತೀರಲ್ಲ ನೀವು." ಆಮೇಲೆ, "ಏಡಿ ಪಾರ್ಟೀಲಿ ಅವಳು ಹೇಳಿದ್ಲು, ಆ ಫೋಟೋ ಅಳಿಸಿಬಿಡು ಅಂತ. ಚಂದ ಬಂದಿದೀಯ ಬಿಡೇ ಅಂದ್ಬಿಟ್ಟೆ."

ಪೇಪರಿನವರು ಫೋಟೋ ತೆಗೆದುಹಾಕಿದರು, ಕಾರ್ಖಾನೆ ಪುಟದಿಂದಲೂ ಹೋಯಿತು. ಆದರೆ ಕಂಡವರ ಕಣ್ಣಿಂದ ತೆಗೆಯುವುದು ಹೇಗೆ? ನನ್ನ ಎದುರಿನ ಕುರ್ಚಿ ಖಾಲಿಯಾಗೇ ಉಳಿಯಿತು. ಹೆಸರಿನ ಹಲಗೆ ಮಾಡಿಸಲು ಹೊರಟಿದ್ದ ಆ ಹೆಂಗಸು ಈ ಚಳಿಯಲ್ಲಿ ಯಾವ ಊರಲ್ಲಿ, ಯಾರ ಹೆಸರಿನ ಬಾಗಿಲ ಹಿಂದೆ ಕೂತಿದ್ದಾಳೋ ಎಂದು ನೆನೆದರೆ ನನಗೆ ಅನ್ನ ಸೇರುವುದಿಲ್ಲ. ರೂನೆ ದಿನಾ ಬಂದು ಅವಳ ನೀಲಿ ಲೋಟದ ಧೂಳು ಒರೆಸಿ ಅಲ್ಲೇ ಇಡುತ್ತಾನೆ. ಈಗ ಯಾರ ಹುಟ್ಟುಹಬ್ಬಕ್ಕೂ ಅವನು ಹಾಡುವುದಿಲ್ಲ. ಆ ಕೆಟ್ಟ ಹಾಡು ಕೇಳಬೇಕೆಂದು ನಾನು ಹಂಬಲಿಸುವ ಕಾಲ ಬರುತ್ತದೆಂದು ಎಣಿಸಿರಲಿಲ್ಲ.

ಮೊನ್ನೆ ರೂನೆ ಹಾಗೆ ಲೋಟ ಒರೆಸುತ್ತಿದ್ದಾಗ ಫೋನ್ ಬಂತು. ಗಂಡಸಿನ ದನಿ, ಬೆಣ್ಣೆಯಂಥ ದನಿ.

"ನಿಮ್ಮಲ್ಲಿ ಐವತ್ತು ತುಂಬಿದವಳು ಒಬ್ಳಿದ್ದಾಳಲ್ಲ, ಹೂವು ಕಳಿಸ್ಬೇಕಿತ್ತು. ಎಷ್ಟು ಗಂಟೆಗೆ ಕೆಲಸ ಬಿಡ್ತಾಳೆ?"

ರೂನೆಗೆ ಕೇಳಿಸದಂತೆ ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಫೋಟೋದಲ್ಲಿ ನೋಡ್ದೆ" ಅಂದ. "ಕೂದಲು ಕತ್ತರಿಸಿಕೊಂಡಿದ್ದಾಳೆ. ನನಗೆ ಉದ್ದ ಕೂದಲೇ ಇಷ್ಟ ಅಂತ ಅವಳಿಗೆ ಗೊತ್ತು."

"ಇಲ್ಲಿ ಅಂಥವರು ಯಾರೂ ಇಲ್ಲ" ಅಂದು ಫೋನಿಟ್ಟೆ. ಗುನ್ವೊರ್ ತರಬೇತಿಯಲ್ಲಿ ಕಲಿಸಿದ್ದ ಉತ್ತರ ಅದೇ. ಅದು ನಿಜವೂ ಆಗಿತ್ತು.

ರೂನೆ ಲೋಟ ಹಿಡಿದುಕೊಂಡೇ ಎದ್ದು ನಿಂತಿದ್ದ. ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಬೆಳಕು.

"ಡೀಸಾನಾ? ಡೀಸಾ ಫೋನ್ ಮಾಡಿದ್ಲಾ?"

"ಇಲ್ಲ ಕಣೋ. ಯಾರೋ ಕಿಟಕಿ ವಿಚಾರಿಸಿದ್ರು."

"ಮಾಡ್ತಾಳೆ ಬಿಡು" ಎಂದು ಅವನು ಲೋಟವನ್ನು ಅದರ ಜಾಗದಲ್ಲಿಟ್ಟ. "ಇವತ್ತಲ್ಲ ನಾಳೆ ಮಾಡ್ತಾಳೆ."

ನಾನು ಹೂಂ ಅಂದೆ. ಆಮೇಲೆ ನನ್ನ ಕಂಪ್ಯೂಟರಿಗೆ ಬೀಗ ಹಾಕಿ, ಪೊಲೀಸರಿಗೆ ಹೇಳಿಸಲು ಗುನ್ವೊರಳ ಕೋಣೆಗೆ ಹೋದೆ.